ಮೊದಲು ಗೆರೆ, ಆಮೇಲೆ ಪ್ರೋಗ್ರಾಂ

ರೇಡಿಯೋ ರಿಪೇರಿ ಮಾಡುವವನ ಮುಂದೆ ಒಂದು ಸರ್ಕಿಟ್ ಚಿತ್ರ ಹಿಡಿದರೆ ಸಾಕು, ಸರಾಗವಾಗಿ ಓದಿಬಿಡುತ್ತಾನೆ. ಅಂಕುಡೊಂಕು ಗೆರೆ ಕಂಡರೆ ರೆಸಿಸ್ಟರ್, ಅಕ್ಕಪಕ್ಕ ಎರಡು ಗೀಟು ಕಂಡರೆ ಕೆಪಾಸಿಟರ್. ಚಿತ್ರ ಬರೆದವನು ಯಾರೆಂದು ಕೇಳಬೇಕಾಗಿಲ್ಲ. ಅದೇ ಸರ್ಕಿಟ್ಟನ್ನು ಮಾತಿನಲ್ಲಿ ವಿವರಿಸಹೊರಟರೆ ಹತ್ತು ಪುಟ ಬೇಕು, ಓದುವವನಿಗೆ ತಲೆನೋವು ಗ್ಯಾರಂಟಿ.

ಸಾಫ್ಟ್‌ವೇರ್ ಬರೆಯುವವರ ಬಳಿ ಬಹಳ ಕಾಲ ಇದ್ದದ್ದು ಫ್ಲೋಚಾರ್ಟ್. ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಎಂದು ಅದು ಚೆನ್ನಾಗಿ ತೋರಿಸುತ್ತದೆ. ಆದರೆ 1967ರಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಅವರು ‘ಸಿಮ್ಯುಲಾ 67’ ಎಂಬ ಭಾಷೆಯನ್ನು ಕೊಟ್ಟ ಮೇಲೆ ಪ್ರೋಗ್ರಾಂ ಕಟ್ಟುವ ರೀತಿಯೇ ಬದಲಾಯಿತು. ಪ್ರೋಗ್ರಾಂ ಎಂದರೆ ಹೆಜ್ಜೆಗಳ ಸಾಲು ಮಾತ್ರವಲ್ಲ. ತಮ್ಮ ತಮ್ಮ ಮಾಹಿತಿಯನ್ನು ತಾವೇ ಇಟ್ಟುಕೊಂಡು, ಒಂದಕ್ಕೊಂದು ಕೆಲಸ ಹೇಳುವ ‘ಆಬ್ಜೆಕ್ಟ್’ಗಳ ಗುಂಪು ಎಂಬ ನೋಟ ಅದು. ಇಂದು ಕಾಲೇಜುಗಳಲ್ಲಿ ಕಲಿಸುವ ಸಿ++, ಜಾವಾ ಭಾಷೆಗಳು ಈ ವಂಶದವೇ. ಒಂದೇ ಬಗೆಯ ಆಬ್ಜೆಕ್ಟ್‌ಗಳ ಅಚ್ಚಿಗೆ ‘ಕ್ಲಾಸ್’ ಎಂದು ಹೆಸರು. ಯಾವ ಕ್ಲಾಸಿಗೆ ಯಾವುದರ ನಂಟು ಎಂಬುದನ್ನು ಫ್ಲೋಚಾರ್ಟ್ ಹೇಳಲಾರದು. ಅದಕ್ಕೆ ಬೇರೆಯದೇ ಚಿತ್ರ ಬೇಕು.

ಶಾಲೆಯ ಲೈಬ್ರರಿಗೆ ಒಂದು ಪ್ರೋಗ್ರಾಂ ಬೇಕಾಗಿದೆ ಎನ್ನಿ. ವಿದ್ಯಾರ್ಥಿಯೊಬ್ಬ ಹಾಳೆಯ ಮೇಲೆ ಎರಡು ಚೌಕ ಬರೆಯುತ್ತಾನೆ. ಒಂದರಲ್ಲಿ ‘ಸದಸ್ಯ’, ಇನ್ನೊಂದರಲ್ಲಿ ‘ಪುಸ್ತಕ’. ಕ್ರಮದ ಪ್ರಕಾರ ಚೌಕಕ್ಕೆ ಮೂರು ಅಂಕಣ: ಮೇಲೆ ಹೆಸರು, ನಡುವೆ ಅದರ ಬಳಿ ಇರುವ ಮಾಹಿತಿ, ಕೆಳಗೆ ಅದು ಮಾಡಬಲ್ಲ ಕೆಲಸ. ‘ಪುಸ್ತಕ’ದ ನಡುವಿನ ಅಂಕಣದಲ್ಲಿ ಹೆಸರು, ಲೇಖಕ, ಪ್ರಕಾಶಕ, ಯಾರು ಒಯ್ದಿದ್ದಾರೆ, ಯಾವಾಗ ಹಿಂತಿರುಗಿಸಬೇಕು, ಎಲ್ಲವನ್ನೂ ತುಂಬುತ್ತಾನೆ. ಎರಡೂ ಚೌಕಗಳ ನಡುವೆ ಗೆರೆ ಎಳೆಯುತ್ತಾನೆ. ಕೆಲಸ ಮುಗಿಯಿತು ಎಂದುಕೊಳ್ಳುತ್ತಾನೆ.

ಮುಗಿದಿಲ್ಲ. ಗೆರೆಯ ಎರಡೂ ತುದಿಗೆ ಸಂಖ್ಯೆ ಬರೆಯಬೇಕೆಂಬುದು ಈ ಚಿತ್ರದ ರೂಢಿ. ಒಬ್ಬ ಸದಸ್ಯನ ಬಳಿ ಎಷ್ಟು ಪುಸ್ತಕ ಇರಬಹುದು? ಸೊನ್ನೆಯಿಂದ ಮೂರು, ಸರಿ. ಒಂದು ಪುಸ್ತಕ ಏಕಕಾಲಕ್ಕೆ ಎಷ್ಟು ಸದಸ್ಯರ ಬಳಿ ಇರಬಹುದು? ಒಬ್ಬರ ಬಳಿ ಎಂದು ಬರೆಯಲು ಹೋದವನ ಪೆನ್ಸಿಲ್ ಇಲ್ಲಿ ನಿಲ್ಲುತ್ತದೆ. ಆ ಕಾದಂಬರಿಯ ಐದು ಪ್ರತಿಗಳು ಲೈಬ್ರರಿಯಲ್ಲಿವೆಯಲ್ಲ! ಐವರ ಬಳಿಯೂ ಇರಬಹುದು. ಹಾಗಾದರೆ ‘ಹಿಂತಿರುಗಿಸುವ ದಿನ’ ಯಾವುದು? ಐದರಲ್ಲಿ ರಟ್ಟು ಹರಿದದ್ದು ಯಾವುದು?

ತೊಡಕು ‘ಪುಸ್ತಕ’ ಎಂಬ ಮಾತಿನಲ್ಲಿಯೇ ಇದೆ. ಆಡುಮಾತಿನಲ್ಲಿ ನಾವು ಎರಡು ಬೇರೆ ಸಂಗತಿಗಳಿಗೆ ಅದೊಂದೇ ಪದ ಬಳಸುತ್ತೇವೆ. ಲೇಖಕ ಬರೆದದ್ದು ‘ಕೃತಿ’; ಕಪಾಟಿನಲ್ಲಿ ಕುಳಿತಿರುವುದು ಅದರ ‘ಪ್ರತಿ’. ಸದಸ್ಯ ಮನೆಗೆ ಒಯ್ಯುವುದು ಪ್ರತಿಯನ್ನು. ಆದರೆ ಎಲ್ಲವೂ ಹೊರಗೆ ಹೋಗಿರುವಾಗ ‘ಬಂದರೆ ನನಗೆ ಹೇಳಿ’ ಎಂದು ಕೇಳುವುದು ಕೃತಿಯನ್ನು. ಐದರಲ್ಲಿ ಯಾವುದು ಬಂದರೂ ಆದೀತು. ಅಲ್ಲಿಗೆ ಚೌಕ ಎರಡಾಗುತ್ತದೆ. ಇನ್ನೂ ಸ್ವಲ್ಪ ಯೋಚಿಸಿದರೆ ಒಯ್ದ ದಿನ, ಹಿಂತಿರುಗಿಸುವ ದಿನ ಸದಸ್ಯನಿಗೂ ಸೇರಿದ್ದಲ್ಲ, ಪ್ರತಿಗೂ ಸೇರಿದ್ದಲ್ಲ ಎಂದು ಹೊಳೆಯುತ್ತದೆ. ಅವು ಇಬ್ಬರ ನಡುವಿನ ‘ಎರವಲು’ ಎಂಬ ವ್ಯವಹಾರಕ್ಕೆ ಸೇರಿದವು. ಅದಕ್ಕೂ ಒಂದು ಚೌಕ.

ತಮಾಷೆಯೆಂದರೆ ಹಳೆಯ ಲೈಬ್ರೇರಿಯನ್ನರು ಇದನ್ನು ಯಾವಾಗಲೋ ಕಂಡುಕೊಂಡಿದ್ದರು. ದಪ್ಪ ರಿಜಿಸ್ಟರಿನಲ್ಲಿ ಪ್ರತಿಯೊಂದು ಪ್ರತಿಗೂ ಬೇರೆ ಅಕ್ಸೆಷನ್ ನಂಬರ್, ಪೆಟ್ಟಿಗೆಯಲ್ಲಿ ಕೃತಿಗೊಂದು ಕಾರ್ಡ್. ಆಬ್ಜೆಕ್ಟ್ ಎಂಬ ಮಾತು ಕೇಳದೆಯೇ ಅವರು ಅದನ್ನು ಸರಿಯಾಗಿ ವಿಂಗಡಿಸಿದ್ದರು.

ಇಷ್ಟನ್ನು ಹಾಳೆಯ ಮೇಲೆ ತಿದ್ದಲು ಬೇಕಾದದ್ದು ಒಂದು ರಬ್ಬರ್. ಸಾವಿರಾರು ಸಾಲು ಪ್ರೋಗ್ರಾಂ ಬರೆದಾದ ಮೇಲೆ ಗೊತ್ತಾದರೆ, ‘ಪುಸ್ತಕ’ ಎಂದು ಬರೆದ ಕಡೆಯಲ್ಲೆಲ್ಲ ಅದು ಕೃತಿಯೋ ಪ್ರತಿಯೋ ಎಂದು ಹುಡುಕುತ್ತ ಕೂರಬೇಕು. ಈಗ ಪ್ರೋಗ್ರಾಮಿನ ಸಾಲುಗಳನ್ನು ಯಂತ್ರವೇ ಬರೆದುಕೊಡುವ ಕಾಲ ಬಂದಿದೆ. ಆದರೂ ಈ ಲೈಬ್ರರಿಗೆ ಏನು ಬೇಕು ಎಂಬುದನ್ನು ಅಲ್ಲಿ ಓಡಾಡಿದವರೇ ಹೇಳಬೇಕು.

ಚೌಕಗಳ ಈ ‘ಕ್ಲಾಸ್ ಡಯಾಗ್ರಂ’ ಏನೇನು ಇದೆ ಎಂದು ತೋರಿಸುತ್ತದೆ. ಯಾವಾಗ ಏನಾಗುತ್ತದೆ ಎಂದು ತೋರಿಸುವ ಇನ್ನೊಂದು ಚಿತ್ರದ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1982ರ ಕೊನೆಯಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಗಣಿತಜ್ಞ ಡೇವಿಡ್ ಹರೆಲ್ ವಾರಕ್ಕೆ ಒಂದು ದಿನ ವಿಮಾನ ಕಾರ್ಖಾನೆಗೆ ಸಲಹೆಗಾರರಾಗಿ ಹೋಗತೊಡಗಿದರು. ಅಲ್ಲಿ ‘ಲಾವಿ’ ಎಂಬ ಯುದ್ಧವಿಮಾನ ತಯಾರಾಗುತ್ತಿತ್ತು. ಎಂಜಿನಿಯರುಗಳು ಮಹಾ ಬುದ್ಧಿವಂತರು, ತಮ್ಮ ತಮ್ಮ ಭಾಗವನ್ನು ಅರೆದು ಕುಡಿದವರು. ಆದರೆ ‘ಇಂಥ ಸ್ಥಿತಿಯಲ್ಲಿ ಪೈಲಟ್ ಈ ಗುಂಡಿ ಒತ್ತಿದರೆ ಏನಾಗುತ್ತದೆ?’ ಎಂದು ಹರೆಲ್ ಕೇಳಿದರೆ ಉತ್ತರ ಸಲೀಸಾಗಿ ಬರುತ್ತಿರಲಿಲ್ಲ. ದಪ್ಪ ದಾಖಲೆಗಳ ಪುಟ ತಿರುವಬೇಕು. ಒಂದೇ ಗುಂಡಿಯ ಸಂಗತಿ ಹಲವು ಕಡೆ ಹಂಚಿಹೋಗಿತ್ತು. ಯುದ್ಧವಿಮಾನದಲ್ಲಿ ಕುಳಿತವನಿಗೆ ಪುಟ ತಿರುವುವಷ್ಟು ಪುರುಸೊತ್ತು ಎಲ್ಲಿ?

ಹರೆಲ್ ಅವರ ಮಾತು ಕೇಳುತ್ತಲೇ ಚಿತ್ರ ಬರೆಯತೊಡಗಿದರು. ‘ಸ್ಥಿತಿ’ಗೊಂದು ಪೆಟ್ಟಿಗೆ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗಲು ಬಾಣ. ಇಷ್ಟು ಮೊದಲೇ ಇತ್ತು. ಅವರ ಹೊಸತು ಎರಡು. ಒಂದು, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಡಬಹುದು. ಹೊರಗಿನ ಪೆಟ್ಟಿಗೆಯಿಂದ ಹೊರಟ ಒಂದೇ ಬಾಣ ಒಳಗಿರುವ ಎಲ್ಲಕ್ಕೂ ಅನ್ವಯ. ಎರಡು, ಏಕಕಾಲಕ್ಕೆ ನಡೆಯುವ ಸಂಗತಿಗಳನ್ನು ಚುಕ್ಕೆಗೆರೆಯಿಂದ ಬೇರ್ಪಡಿಸಿ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ತೋರಿಸಬಹುದು. ಇದರ ಲಾಭ ಲೆಕ್ಕ ಹಾಕಿ ನೋಡಿ. ಒಂದು ಯಂತ್ರದ ಮೂರು ಭಾಗಗಳಿಗೆ ಕ್ರಮವಾಗಿ 5, 4, 2 ಸ್ಥಿತಿಗಳಿದ್ದರೆ ಹಳೆಯ ಕ್ರಮದಲ್ಲಿ ಗುಣಿಸಬೇಕು: 40 ಪೆಟ್ಟಿಗೆ. ಹರೆಲ್ ಕ್ರಮದಲ್ಲಿ ಕೂಡಿದರೆ ಸಾಕು: 11. ಭಾಗಗಳು ಹೆಚ್ಚಿದಂತೆ ಈ ಅಂತರ ಎಲ್ಲಿಗೆ ಹೋಗುತ್ತದೆಂದು ಹೈಸ್ಕೂಲ್ ಮಕ್ಕಳೂ ಹೇಳಬಲ್ಲರು. 1987ರಲ್ಲಿ ಅವರು ಈ ‘ಸ್ಟೇಟ್‌ಚಾರ್ಟ್’ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ಉದಾಹರಣೆಯಾಗಿ ಬಂದದ್ದು ಯುದ್ಧವಿಮಾನವಲ್ಲ, ಅವರದೇ ಕೈಯಲ್ಲಿದ್ದ ಸಿಟಿಜನ್ ಡಿಜಿಟಲ್ ಗಡಿಯಾರ! ಅದೇ ವರ್ಷ ಲಾವಿ ಯೋಜನೆ ರದ್ದಾಯಿತು. ವಿಮಾನ ಹೋಯಿತು, ಚಿತ್ರ ಉಳಿಯಿತು.

1990ರ ಸುಮಾರಿಗೆ ಇಂಥ ಚಿತ್ರಪದ್ಧತಿಗಳು ನಾಯಿಕೊಡೆಯಂತೆ ಎದ್ದವು. ಕ್ಲಾಸ್ ಎಂದರೆ ಗ್ರೇಡಿ ಬೂಚ್ ಮೋಡ ಬರೆಯುತ್ತಿದ್ದರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಜೇಮ್ಸ್ ರಂಬಾ ಚೌಕ ಬರೆಯುತ್ತಿದ್ದರು. ಎರಿಕ್ಸನ್ ಕಂಪನಿಯ ಟೆಲಿಫೋನ್ ಎಕ್ಸ್‌ಚೇಂಜುಗಳ ಕೆಲಸದಲ್ಲಿ ಪಳಗಿದ ಸ್ವೀಡನ್ನಿನ ಈವಾರ್ ಯಾಕಬ್ಸನ್, ಬಳಸುವವನಿಗೆ ಏನು ಬೇಕು ಎಂಬಲ್ಲಿಂದಲೇ ಶುರುಮಾಡಿ ಎನ್ನುತ್ತಿದ್ದರು. ಒಬ್ಬೊಬ್ಬರ ಬೆನ್ನಿಗೂ ಒಂದೊಂದು ಪಂಗಡ. 1994ರಲ್ಲಿ ರಂಬಾ, ಮರುವರ್ಷ ಯಾಕಬ್ಸನ್, ಬೂಚ್ ಇದ್ದ ರ‍್ಯಾಷನಲ್ ಕಂಪನಿಯನ್ನೇ ಸೇರಿದ್ದರಿಂದ ಜಗಳ ತೀರಿತು. ಮೂವರ ಚಿತ್ರಗಳೂ ಬೆರೆತು, ಹರೆಲ್ ಪೆಟ್ಟಿಗೆಗಳೂ ಸೇರಿ ‘ಯೂನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್’, ಅಂದರೆ ಯುಎಂಎಲ್, ಹುಟ್ಟಿತು. 1997ರ ನವೆಂಬರಿನಲ್ಲಿ ಅದಕ್ಕೆ ಉದ್ಯಮದ ಮಾನ್ಯತೆ ದೊರೆಯಿತು. ಮೋಡ ಸೋತು ಚೌಕ ಗೆದ್ದಿತು. ಬರೆಯಲು ಅದೇ ಸುಲಭ.

ಮುಂದಿನ ಕಥೆ ಅಷ್ಟು ಸುಖದ್ದಲ್ಲ. ಭಾಷೆ ದಪ್ಪವಾಗುತ್ತ ಹೋಯಿತು. ಈಗ ಅದರಲ್ಲಿ 14 ಬಗೆಯ ಚಿತ್ರಗಳಿವೆ. ಪ್ರೋಗ್ರಾಂ ದಿನದಿನಕ್ಕೆ ಬದಲಾಗುತ್ತದೆ, ಚಿತ್ರವನ್ನು ತಿದ್ದುವವರಿಲ್ಲ. ಆರು ತಿಂಗಳಲ್ಲಿ ಅದು ಸುಳ್ಳು ಹೇಳತೊಡಗುತ್ತದೆ. 2013ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಮೇರಿಯನ್ ಪೀಟರ್ ಪ್ರಕಟಿಸಿದ ಅಧ್ಯಯನದಲ್ಲಿ 50 ಮಂದಿ ಪರಿಣತರ ಪೈಕಿ 35 ಮಂದಿ ಯುಎಂಎಲ್ ಬಳಸುವುದೇ ಇಲ್ಲ ಎಂದಿದ್ದರು. ಉಳಿದವರಲ್ಲಿ ಹೆಚ್ಚಿನವರು ಬೇಕಾದಷ್ಟನ್ನು ಮಾತ್ರ ಆಯ್ದುಕೊಳ್ಳುತ್ತಿದ್ದರು. ಹಾಗೆಂದು ಚಿತ್ರವನ್ನೇ ಬಿಟ್ಟವರು ಎಂದರ್ಥವಲ್ಲ. ಬೋರ್ಡಿನ ಮೇಲೆ ನಾಲ್ಕು ಚೌಕ ಗೀಚಿ, ಮಾತಾಡಿ, ಒರೆಸಿಹಾಕುವುದು ಎಲ್ಲ ಕಡೆಯೂ ಉಂಟು.

ಎಂಜಿನಿಯರಿಂಗ್ ಓದುವ ಮಕ್ಕಳ ಪ್ರಾಜೆಕ್ಟ್ ವರದಿಗಳಲ್ಲಿ ಮಾತ್ರ ಇದು ಎಷ್ಟೋ ಸಲ ತಿರುಗುಮುರುಗು. ಪ್ರೋಗ್ರಾಂ ಮುಗಿದ ಮೇಲೆ, ಬೈಂಡಿಂಗಿಗೆ ಕೊಡುವ ಹಿಂದಿನ ರಾತ್ರಿ, ಯಾವುದೋ ಉಪಕರಣದಿಂದ ಚಿತ್ರಗಳನ್ನು ತೆಗೆದು ಅಂಟಿಸುತ್ತಾರೆ. ಅಂಕ ಬರುತ್ತದೆ, ಗೆರೆಯ ತುದಿಯಲ್ಲಿ ಪೆನ್ಸಿಲ್ ನಿಲ್ಲುವ ಆ ಗಳಿಗೆ ಬರುವುದಿಲ್ಲ. ದುಬಾರಿ ಸಾಫ್ಟ್‌ವೇರ್ ಕೊಡಿಸಬೇಕೇ ಎಂದು ಪಾಲಕರು ಚಿಂತಿಸಬೇಕಾಗಿಲ್ಲ. ಗೀಟಿಲ್ಲದ ಹಾಳೆ ಸಾಕು. ಅಂದವಾಗಿ ಬೇಕೆಂದರೆ ‘ಪ್ಲಾಂಟ್‌ಯುಎಂಎಲ್’ನಂಥ ಉಪಕರಣಗಳು ಉಚಿತವಾಗಿಯೇ ಸಿಗುತ್ತವೆ.

ಈ ಭಾನುವಾರ ಮನೆಯ ವಾಷಿಂಗ್ ಮೆಷಿನ್ನಿನಿಂದಲೇ ಶುರುಮಾಡಬಹುದು. ನೀರು ತುಂಬುವುದು, ಒಗೆಯುವುದು, ಜಾಲಿಸುವುದು, ಹಿಂಡುವುದು: ನಾಲ್ಕು ಪೆಟ್ಟಿಗೆ, ನಡುವೆ ಬಾಣಗಳು. ಎಲ್ಲವನ್ನೂ ಸುತ್ತುವರಿದ ದೊಡ್ಡ ಪೆಟ್ಟಿಗೆಗೆ ‘ಚಾಲನೆಯಲ್ಲಿದೆ’ ಎಂದು ಹೆಸರಿಡಿ. ಕರೆಂಟ್ ಹೋದರೆ ಈ ದೊಡ್ಡ ಪೆಟ್ಟಿಗೆಯ ಅಂಚಿನಿಂದ ಒಂದೇ ಬಾಣ ಹೊರಕ್ಕೆ. ಆದರೆ ಕರೆಂಟ್ ಬಂದಾಗ? ಮತ್ತೆ ನೀರು ತುಂಬುವಲ್ಲಿಂದಲೋ, ಬಿಟ್ಟಲ್ಲಿಂದಲೋ? ಬಿಟ್ಟಲ್ಲಿಂದ ಎನ್ನುವುದಾದರೆ ಹರೆಲ್ ಅದಕ್ಕೊಂದು ಗುರುತು ಕೊಟ್ಟಿದ್ದಾರೆ: ಸಣ್ಣ ವೃತ್ತದೊಳಗೆ ಇಂಗ್ಲಿಷಿನ ‘ಎಚ್’ ಅಕ್ಷರ, ‘ಹಿಸ್ಟರಿ’ ಎಂಬುದರ ಮೊದಲಕ್ಷರ. ಎಲ್ಲ ಮೆಷಿನ್ನುಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ನಿಮ್ಮ ಮನೆಯದಕ್ಕೆ ಆ ಎಚ್ ಬೇಕೋ ಬೇಡವೋ ಎಂದು ದಿನವೂ ಬಟ್ಟೆ ಹಾಕುವವರನ್ನು ಕೇಳಿ ಬರೆಯಿರಿ.