ಹೂಳು ಆಮೇಲೆ ತೆಗೆಯೋಣ, ಮೊದಲು ಕಾಲುವೆ ಬಿಡಿಸೋಣ

ಬೇಸಿಗೆ ಬಂದರೆ ಸಾಕು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಂದಲ್ಲ ಒಂದು ಕೆರೆಯಲ್ಲಿ ಜೆಸಿಬಿ ಸದ್ದು. ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಲ್ಲುತ್ತವೆ, ಗೋಡು ಮಣ್ಣು ಹೊಲಕ್ಕೆ ಹೋಗುತ್ತೆ, ಊರಿನ ಹುಡುಗರು ಫೋಟೊ ತೆಗೆದು ಸ್ಟೇಟಸ್ ಹಾಕ್ತಾರೆ. ಕೆಲಸ ಒಳ್ಳೆಯದೇ. ಆದರೆ ಒಂದು ದೊಡ್ಡ ಮಳೆ ಬಿದ್ದ ಮಾರನೇ ದಿನ ಅದೇ ಕೆರೆ ಹತ್ತಿರ ಹೋಗಿ ನೋಡಿ. ಎಷ್ಟೋ ಕಡೆ ಮೇಲಿನ ಹೊಲಗಳಲ್ಲಿ ನೀರು ನಿಂತು ರಾಗಿ ಹಳದಿ ತಿರುಗಿರುತ್ತೆ, ರಸ್ತೆ ಮೇಲೆ ಮೊಣಕಾಲುದ್ದ ನೀರು ಹರೀತಿರುತ್ತೆ, ಕೆರೆಯೊಳಗೆ ಮಾತ್ರ ಜೆಸಿಬಿ ತೋಡಿದ ಗುಂಡಿಗಳಷ್ಟೇ ತುಂಬಿರುತ್ತವೆ.

ಕಾರಣ ಸರಳ. ಕೆರೆ ತುಂಬುವುದು ಕೆರೆ ಮೇಲೆ ಬಿದ್ದ ಮಳೆಯಿಂದ ಅಲ್ಲ, ಮೇಲಿನ ಗುಡ್ಡ, ಗೋಮಾಳ, ಹೊಲಗಳ ಮೇಲೆ ಬಿದ್ದು ಹಳ್ಳ ಕಾಲುವೆಗಳಲ್ಲಿ ಹರಿದು ಬರುವ ನೀರಿನಿಂದ. ನಾವು ಪಾತ್ರೆ ತೊಳೆದು ಇಟ್ಟಿದ್ದೀವಿ, ಹಾಲು ಬರುವ ದಾರಿ ಮುಚ್ಚಿದ್ದೀವಿ. ಹೂಳೆತ್ತುವ ದುಡ್ಡು, ಉತ್ಸಾಹ ಎರಡನ್ನೂ ಮೊದಲು ಕಾಲುವೆಗೆ ಹಾಕಬೇಕು, ಕೆರೆ ಅಂಗಳಕ್ಕೆ ಆಮೇಲೆ ಬರಬೇಕು ಅನ್ನುವುದು ನನ್ನ ವಾದ.

ನಮ್ಮ ಈ ಸೀಮೆಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲೇ, ನೀರು ಕಾಣುವುದು ಆಂಧ್ರ, ತಮಿಳುನಾಡಿನಲ್ಲಿ. ಅದಕ್ಕೇ ಹಿಂದಿನವರು ಕೆರೆಗಳನ್ನು ಸರಪಳಿ ಥರ ಕಟ್ಟಿದ್ದು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ತೂಬು ಎತ್ತೋಕೆ, ಅಚ್ಚುಕಟ್ಟಿಗೆ ನೀರು ಹಂಚೋಕೆ ನೀರುಗಂಟಿ ಇದ್ದ. ಮಳೆಗಾಲಕ್ಕೆ ಮುಂಚೆ ಊರವರೆಲ್ಲ ಸೇರಿ ಕಾಲುವೆ ಕೆರೆಯೋರು. ಅದೇನು ಪುಣ್ಯದ ಕೆಲಸ ಅಂತ ಮಾಡ್ತಿರಲಿಲ್ಲ. ಮಾಡದಿದ್ದರೆ ಗದ್ದೆಗೆ ನೀರಿಲ್ಲ, ಅಷ್ಟೇ.

ಬೋರ್‌ವೆಲ್ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯ್ತು. ಕೆರೆ ಬೇಡ ಅಂದಮೇಲೆ ಕಾಲುವೆ ಯಾಕೆ? ಒಬ್ಬರು ಎರಡು ಸಾಲು ಒತ್ತಿದರು, ಪಕ್ಕದವರು ನಾಲ್ಕು ಸಾಲು ಒತ್ತಿದರು. ಜೆಸಿಬಿ ಬಾಡಿಗೆಗೆ ಸಿಗೋಕೆ ಶುರುವಾದ ಮೇಲಂತೂ ಅರ್ಧ ದಿನದಲ್ಲಿ ಹಳ್ಳವೇ ಹೊಲ. ರಸ್ತೆ ಮಾಡಿದವರು ಮೋರಿ ಇಡಲಿಲ್ಲ, ಇಟ್ಟ ಕಡೆ ಒಂದು ಸಣ್ಣ ಪೈಪು. ಲೇಔಟ್ ಮಾಡಿದವರು ರಾಜಕಾಲುವೆ ಮೇಲೇ ಸೈಟು ಹಾಕಿದರು. ಇದರ ಜೊತೆಗೆ 1980ರ ದಶಕದ ಸಾಮಾಜಿಕ ಅರಣ್ಯದ ಕಾಲದಿಂದ ಜಲಾನಯನದ ತುಂಬ ನೀಲಗಿರಿ. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ಹಳೇ ಬೊಡ್ಡೆಗಳು ಇನ್ನೂ ಚಿಗುರುತ್ತಲೇ ಇವೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಕೆರೆ ಒಣಗಿದ್ದರಿಂದ ಬೋರು ಕೊರೆದೆವು ಅಂತ ಎಲ್ಲರೂ ಹೇಳ್ತಾರೆ. ಬೋರು ಕೊರೆದಿದ್ದರಿಂದಲೂ ಕೆರೆ ಒಣಗಿತು ಅನ್ನುವುದನ್ನು ಯಾರೂ ಹೇಳಲ್ಲ. ನಮ್ಮದು ಗಟ್ಟಿ ಕಲ್ಲಿನ ನೆಲ. ಮೇಲೆ ಮಣ್ಣು, ಅದರ ಕೆಳಗೆ ಪುಡಿಪುಡಿಯಾದ ಕಲ್ಲಿನ ಪದರ, ಅದರ ಕೆಳಗೆ ಬರೀ ಬಂಡೆ ಮತ್ತು ಅಲ್ಲಲ್ಲಿ ಬಿರುಕು. ನೀರು ಚೆನ್ನಾಗಿ ಹಿಡಿದಿಟ್ಟುಕೊಳ್ಳುವುದು ಆ ಪುಡಿ ಕಲ್ಲಿನ ಪದರ. ತೆರೆದ ಬಾವಿಗಳಿಗೆ ನೀರು ಕೊಡ್ತಿದ್ದುದೂ ಅದೇ, ಮಳೆ ನಿಂತ ಮೇಲೂ ಹಳ್ಳದಲ್ಲಿ ಸಣ್ಣಗೆ ನೀರು ಜಿನುಗುವ ಹಾಗೆ ಮಾಡ್ತಿದ್ದುದೂ ಅದೇ. ಸಾವಿರಾರು ಬೋರುಗಳು ಸೇರಿ ಆ ಪದರವನ್ನೇ ಬರಿದು ಮಾಡಿದ ಮೇಲೆ ಹಳ್ಳದಲ್ಲಿ ಹರಿಯೋಕೆ ಏನು ಉಳಿಯುತ್ತೆ? ಸುರಿದ ನೀರನ್ನೂ ಒಣ ನೆಲ ಹೀರಿಕೊಳ್ಳುತ್ತೆ. ಆಮೇಲೆ ನಾವು ಬಂಡೆಯ ಬಿರುಕು ಹುಡುಕಿಕೊಂಡು ಸಾವಿರ ಅಡಿ ದಾಟಿದೆವು. ಸಿಕ್ಕಿದರೆ ಅದೃಷ್ಟ, ಸಿಗದಿದ್ದರೆ ಸಾಲ. ಸಿಕ್ಕ ನೀರಲ್ಲೂ ಫ್ಲೋರೈಡ್.

ಒಂದು ಸಣ್ಣ ಲೆಕ್ಕ ಮಾಡಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ವರ್ಷಕ್ಕೆ 700 ಮಿಲಿಮೀಟರ್ ಅಂತ ಹಿಡಿದರೂ ಎಕರೆಗೆ 28 ಲಕ್ಷ ಲೀಟರ್. 5,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಐನೂರಕ್ಕೂ ಹೆಚ್ಚು ಟ್ಯಾಂಕರ್. ಇದರಲ್ಲಿ ಬಹುಪಾಲು ಆವಿಯಾಗುತ್ತೆ, ಬೆಳೆ ಕುಡಿಯುತ್ತೆ, ನೆಲಕ್ಕಿಳಿಯುತ್ತೆ. ಹರಿದು ಹೋಗುವುದು ಸ್ವಲ್ಪವೇ. ಆ ಸ್ವಲ್ಪವನ್ನು ನೂರಾರು ಎಕರೆಯಿಂದ ಒಟ್ಟು ಮಾಡಿ ತರುತ್ತಿದ್ದ ಕಾಲುವೆಯನ್ನೇ ನಾವು ಎರಡು ಗುಂಟೆ ಆಸೆಗೆ ಮುಚ್ಚಿದ್ದು.

'ಈಗ ಬೆಂಗಳೂರು ನೀರು ಬರ್ತಿದೆಯಲ್ಲ, ಇನ್ನೇನು ಚಿಂತೆ' ಅಂತ ಕೇಳೋರಿದ್ದಾರೆ. ಕೆಸಿ ವ್ಯಾಲಿ, ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರಕ್ಕೆ ತರುವ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ಗುರಿ, ನೂರಕ್ಕೂ ಹೆಚ್ಚು ಕೆರೆಗಳು ಪಟ್ಟಿಯಲ್ಲಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು, ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದು ವಿಷಯ ಹೈಕೋರ್ಟ್‌ಗೆ ಹೋಯ್ತು, ಕೆಲವು ಕಾಲ ನೀರು ನಿಂತೂ ಹೋಗಿತ್ತು. ಅಕ್ಕಪಕ್ಕದ ಬೋರುಗಳಲ್ಲಿ ನೀರು ಮೇಲೆ ಬಂದಿದ್ದು ನಿಜ, ಅದನ್ನು ಇಲ್ಲ ಅನ್ನೋಕಾಗಲ್ಲ. ಮೂರನೇ ಹಂತದ ಸಂಸ್ಕರಣೆ ಬೇಕು ಅನ್ನುವ ರೈತರ ಬೇಡಿಕೆ ನನ್ನ ಪ್ರಕಾರ ನೂರಕ್ಕೆ ನೂರು ನ್ಯಾಯ. ಬೆಂಗಳೂರಿನ ಬಚ್ಚಲಲ್ಲಿ ಬಿಟ್ಟಿದ್ದು ನಮ್ಮ ಟೊಮೆಟೊ ಬುಡಕ್ಕೆ ಬರುತ್ತೆ ಅಂದರೆ ಕೇಳುವ ಹಕ್ಕು ನಮಗಿದೆ. (ಔಷಧಿ ಹೊಡೆದ ಪಂಪನ್ನು ನಾವೇ ಕೆರೆಯಲ್ಲಿ ತೊಳೆಯುವುದನ್ನೂ ಆಗ ನಿಲ್ಲಿಸಬೇಕಾಗುತ್ತೆ, ಬಿಡಿ.)

ಆದರೆ ನನ್ನ ವಿಷಯ ಬೇರೆ. ಪೈಪಿನಲ್ಲಿ ಬಂದ ನೀರು ಲಕ್ಷ್ಮೀಸಾಗರದಿಂದ ಮುಂದಕ್ಕೆ ಹೋಗುವುದು ಹೇಗೆ? ಹಳೇ ಕೋಡಿ, ಹಳೇ ಕಾಲುವೆ, ಹಳೇ ಹಳ್ಳದಲ್ಲೇ, ತಾನಾಗಿ ಇಳಿಜಾರಿಗೆ ಹರಿದು. ಸರ್ಕಾರದ ಅಷ್ಟು ದೊಡ್ಡ ಯೋಜನೆಗೂ ಕೊನೆಗೆ ಆಸರೆಯಾಗಿದ್ದು ಅದೇ ಹಳೇ ಸರಪಳಿ.

ಇನ್ನು 2021ರ ನವೆಂಬರ್ ನೆನಪಿಸಿಕೊಳ್ಳಿ. ಬಿಡದೆ ಸುರಿದ ಮಳೆಗೆ ವರ್ಷಗಟ್ಟಲೆ ಕೋಡಿ ಕಾಣದ ಕೆರೆಗಳು ತುಂಬಿ ಹರಿದವು. ಜನ ಬಾಗಿನ ಕೊಟ್ಟರು. ಅದೇ ವಾರ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಬಂತು, ತಗ್ಗಿನ ತೋಟ, ಮನೆಗಳಿಗೆ ನೀರು ನುಗ್ಗಿತು. ಕಾಲುವೆ ಮುಚ್ಚಿದ ಮೇಲೆ ನೀರು ದಾರಿ ಕೇಳಲ್ಲ, ಸಿಕ್ಕಲ್ಲಿ ನುಗ್ಗುತ್ತೆ.

ಫೋನ್ ಕೈಯಲ್ಲಿದೆಯಲ್ಲ, ಈಗಲೇ ದಿಶಾಂಕ್ ಆ್ಯಪ್ ತೆಗೆದು ನಿಮ್ಮ ಸರ್ವೆ ನಂಬರ್ ನೋಡಿ. ಊರಿನ ಗ್ರಾಮ ನಕ್ಷೆಯನ್ನು ಕಂದಾಯ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಿ, ಹಳ್ಳದ ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಬೆರಳಿಟ್ಟು ಹಿಂಬಾಲಿಸಿ. ಆಮೇಲೆ ಉಪಗ್ರಹ ಚಿತ್ರದಲ್ಲಿ ಅದೇ ಜಾಗ ನೋಡಿ. ಗೆರೆ ಎಲ್ಲಿ ಮಾಯವಾಗಿದೆಯೋ ಅಲ್ಲೇ ನಿಮ್ಮ ಕೆರೆಯ ಕಾಯಿಲೆ ಇರೋದು. ಪಹಣಿಯಲ್ಲಿ 'ಬ' ಖರಾಬು ಅಂತ ಇದ್ದರೆ ಅದು ಸಾರ್ವಜನಿಕ ಬಳಕೆಯದ್ದು, ದಾರಿ ಅಥವಾ ಹಳ್ಳ ಕಾಲುವೆ ಇರಬಹುದು. ಅದರ ಮೇಲೆ ಟೊಮೆಟೊ ಕೋಲು ನೆಟ್ಟರೂ ಅದು ನಿಮ್ಮದಾಗಲ್ಲ.

ಕಷ್ಟ ಇರುವುದು ಇದರ ಮುಂದೆ. ಒತ್ತಿದವರು ಬೇರೆ ಯಾರೋ ಅಲ್ಲ, ನಮ್ಮ ಚಿಕ್ಕಪ್ಪ, ಪಕ್ಕದ ಹೊಲದಣ್ಣ, ಕೆಲವು ಸಲ ನಮ್ಮ ಅಪ್ಪನೇ. ಸರ್ವೆಯವರನ್ನು ಕರೆಸಿದರೆ ಮನೆಮನೆಗೆ ಜಗಳ. ತಹಶೀಲ್ದಾರರಿಗೆ ಅರ್ಜಿ ಕೊಡುವುದು ಕೊನೆಯ ದಾರಿಯಾಗಲಿ. ಮೊದಲು ನಮ್ಮ ಹೊಲದ ಪಾಲಿನ ಕಾಲುವೆ ಬಿಡಿಸಿ, ಆಮೇಲೆ ಮೇಲಿನವರನ್ನು ಕೇಳಿದರೆ ಮಾತಿಗೆ ತೂಕ ಇರುತ್ತೆ. ಜೋರು ಮಳೆ ಬಂದಾಗ ನೀರು ಎಲ್ಲಿ ಕಟ್ಟಿಕೊಳ್ಳುತ್ತೆ ಅಂತ ವಿಡಿಯೊ ಮಾಡಿ ಗ್ರಾಮಸಭೆಯಲ್ಲಿ ತೋರಿಸಿ. ನಕ್ಷೆ ತೋರಿಸಿದರೆ ವಾದ ಮಾಡೋರು ವಿಡಿಯೊ ನೋಡಿ ಸುಮ್ಮನಾಗ್ತಾರೆ. ಉದ್ಯೋಗ ಖಾತ್ರಿಯಲ್ಲಿ ಕಾಲುವೆ ಹೂಳೆತ್ತಿದ ಪಂಚಾಯಿತಿಗಳು ಬೇಕಾದಷ್ಟಿವೆ, ನಿಮ್ಮ ಪಂಚಾಯಿತಿಯ ಕ್ರಿಯಾ ಯೋಜನೆಗೂ ಅದನ್ನು ಸೇರಿಸಿ ಅಂತ ಕೇಳಿ. ಹೊಸ ರಸ್ತೆ ಆಗ್ತಿದ್ದರೆ ಮೋರಿ ಎಷ್ಟು ಅಗಲ ಅಂತ ಕೆಲಸ ಶುರುವಾಗೋಕೆ ಮುಂಚೆಯೇ ಕೇಳಿ, ಡಾಂಬರು ಹಾಕಿದ ಮೇಲೆ ಯಾರೂ ಅಗೆಯಲ್ಲ.

ನಮ್ಮ ಕಡೆ ದೊಡ್ಡ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಷಾಢದಲ್ಲಿ ಜೆಸಿಬಿ ಮಾತಾಡಿಕೊಂಡರೂ ಕಾಲುವೆ ಬಿಡಿಸೋಕೆ ಸಮಯ ಸಾಕಾಗುತ್ತೆ. ಕೆರೆ ಹೂಳಿಗೆ ಅಂತ ಎತ್ತಿದ ಚಂದಾ ದುಡ್ಡಿದ್ದರೆ ಈ ವರ್ಷ ಅದನ್ನು ಇದಕ್ಕೇ ಹಾಕಿ.