ಹುಲಿ ಕಾಣದಿದ್ದರೂ ಸರಿ

ಬಂಡೀಪುರಕ್ಕೆ ಹೋಗಿ ಬಂದವರನ್ನು ‘ಹುಲಿ ಕಂಡಿತೇ?’ ಎಂದು ಕೇಳದವರಿಲ್ಲ. ಐದು ಜನರ ಸಂಸಾರ ಹೊರಟರೆ ಸಫಾರಿ ಟಿಕೆಟು, ರೆಸಾರ್ಟಿನ ಕೋಣೆ, ಬಾಡಿಗೆ ಕಾರು ಎಲ್ಲ ಸೇರಿ ತಿಂಗಳ ಸಂಬಳ ಕರಗಿಹೋಗುತ್ತದೆ. ಅಷ್ಟು ಸುರಿದ ಮೇಲೂ ಕಂಡದ್ದು ಒಂದು ಹಿಂಡು ಜಿಂಕೆ, ಎರಡು ನವಿಲು ಎಂದಾಗಬಹುದು. ಹುಲಿಯೇನು ಟಿಕೆಟ್ ನೋಡಿ ಬರುವುದಿಲ್ಲವಲ್ಲ! ಸಫಾರಿಯೇ ಇಲ್ಲದ ದಿನಗಳೂ ಬರುತ್ತವೆ. 2025ರ ನವೆಂಬರಿನಲ್ಲಿ, ಕಾಡಂಚಿನ ಜನ ಹುಲಿ ದಾಳಿಗೆ ಬಲಿಯಾದ ಮೇಲೆ, ಬಂಡೀಪುರ ಮತ್ತು ನಾಗರಹೊಳೆ ಎರಡೂ ಕಡೆ ಸರ್ಕಾರ ಸಫಾರಿ ನಿಲ್ಲಿಸಿತ್ತು.

ಆದರೆ ಕಾಡು ನೋಡಲು ಜೀಪೇ ಬೇಕೆಂದಿಲ್ಲ. ಗುಂಡ್ಲುಪೇಟೆಯಿಂದ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ಬಸ್ಸುಗಳು ಇದೇ ಕಾಡಿನ ನಡುವೆ ಸಾಗುತ್ತವೆ. ಕಿಟಕಿ ಪಕ್ಕದ ಸೀಟು ಮಕ್ಕಳಿಗೆ ಬಿಟ್ಟುಕೊಟ್ಟರಾಯಿತು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇಲ್ಲಿ ಸಾಮಾನ್ಯ ವಾಹನಗಳಿಗೆ ನಿರ್ಬಂಧವಿದೆ. ಆದ್ದರಿಂದ ಬೆಳಗಿನ ಮೊದಲ ಬಸ್ಸುಗಳೇ ಲೇಸು. ಸ್ವಂತ ಕಾರಿನವರು ದಾರಿಯಲ್ಲಿ ನಿಲ್ಲಿಸಿ ಇಳಿಯುವಂತಿಲ್ಲ, ದಂಡ ತೆರಬೇಕಾದೀತು.

ಇದಕ್ಕಿಂತಲೂ ಸೊಗಸು ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಊಟಿ ರಸ್ತೆಯಲ್ಲಿ ಹಂಗಳದ ಬಳಿ ಬಲಕ್ಕೆ ತಿರುಗಬೇಕು. ಖಾಸಗಿ ವಾಹನಗಳು ಬುಡದಲ್ಲೇ ನಿಲ್ಲುತ್ತವೆ; ಅಲ್ಲಿಂದ ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ಎತ್ತರ ಸುಮಾರು 1,450 ಮೀಟರ್. ಮೈಸೂರಿನ ಅರಸರು 1941ರಲ್ಲಿ ಇಲ್ಲಿನ ಕಾಡಿಗೆ ‘ವೇಣುಗೋಪಾಲ ವನ್ಯಮೃಗ ಉದ್ಯಾನ’ ಎಂದು ಹೆಸರಿಟ್ಟದ್ದು ಈ ಗುಡಿಯ ದೇವರಿಂದಲೇ. ಬೇಸಿಗೆಯಲ್ಲೂ ಮಂಜು ಮುಸುಕುವುದುಂಟು. ಮಂಜು ಸರಿದಾಗ ಸುತ್ತಲಿನ ಹುಲ್ಲುಗುಡ್ಡಗಳನ್ನು ದಿಟ್ಟಿಸಿ ನೋಡಿ, ಅದೃಷ್ಟವಿದ್ದರೆ ದೂರದಲ್ಲಿ ಆನೆ ಹಿಂಡು. ಅಜ್ಜಿ ಜೊತೆಗಿದ್ದರೆ ಶಾಲು ಮರೆಯಬಾರದು. ಮೇಲೆ ತಂಗಲು ಬಿಡುವುದಿಲ್ಲ, ಸಂಜೆಗೆ ಮೊದಲೇ ಇಳಿಯಬೇಕು.

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಹೋದವರಿಗೆ ಇನ್ನೊಂದು ಹಬ್ಬ. ಗುಂಡ್ಲುಪೇಟೆ ಸುತ್ತಿನ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ. ಕೇರಳದಿಂದ ಕಾರುಗಟ್ಟಲೆ ಜನ ಬರುತ್ತಾರೆ. ಒಳಗೆ ಹೋಗಿ ಫೋಟೊ ತೆಗೆಸಿಕೊಳ್ಳಲು ಕೆಲವು ರೈತರು ತಲೆಗಿಷ್ಟೆಂದು ಸಣ್ಣ ಮೊತ್ತ ಕೇಳುತ್ತಾರೆ. ‘ಹೂ ನೋಡುವುದಕ್ಕೂ ದುಡ್ಡೇ?’ ಎಂದು ಮುಖ ಸಿಂಡರಿಸುವವರಿದ್ದಾರೆ. ರೆಸಾರ್ಟಿನಲ್ಲಿ ಒಂದು ಕಾಫಿಗೆ ಕೇಳಿದಷ್ಟು ಕೊಟ್ಟು ಬರುವವರೂ ಇವರೇ! ಮಳೆ ನಂಬಿ ಬಿತ್ತಿದ ಬೆಳೆ ಅದು. ಸೆಲ್ಫಿಗಾಗಿ ತುಳಿದು ಮುರಿದ ಸೂರ್ಯಕಾಂತಿ ಗಿಡದಲ್ಲಿ ಕಾಳು ಕಟ್ಟುವುದಿಲ್ಲ, ಚೆಂಡುಹೂವಿನ ಗಿಡ ಮುರಿದರೆ ಮುಂದಿನ ಕೊಯ್ಲೂ ಇಲ್ಲ. ಪ್ರವಾಸದ ಖರ್ಚಿನಲ್ಲಿ ನೇರವಾಗಿ ಬೆಳೆದವನ ಕೈ ಸೇರುವ ಹಣ ಇದೊಂದೇ. ಚೌಕಾಶಿ ಮಾಡದೆ ಕೊಡಿ, ಬದುವಿನ ಮೇಲೇ ನಿಲ್ಲಿ.

ಕಾರಿಲ್ಲದವರು ಮೈಸೂರಿನಿಂದ ಪ್ಯಾಸೆಂಜರ್ ರೈಲು ಹತ್ತಿ ನಂಜನಗೂಡಿನ ಮೇಲೆ ಚಾಮರಾಜನಗರಕ್ಕೇ ಬರಬಹುದು. ಹಿಂದೆ ಅರಿಕುಠಾರವಾಗಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ಇಲ್ಲಿ ಹುಟ್ಟಿದ ತಮ್ಮ ತಂದೆಯ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರ ಗುಡಿ ಕಟ್ಟಿಸಿದರು. ಇಲ್ಲಿನ ತೇರು ಆಷಾಢದಲ್ಲಿ. ಆಷಾಢದಲ್ಲಿ ಅಗಲಿರಬೇಕಾದ ನವದಂಪತಿಗಳು ಜೋಡಿಯಾಗಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಸಮಯ ಉಳಿದರೆ ಇದೇ ತಾಲ್ಲೂಕಿನ ನರಸಮಂಗಲಕ್ಕೆ ಹೋಗಿ ಬನ್ನಿ. ಗಂಗರ ಕಾಲದ ರಾಮೇಶ್ವರ ಗುಡಿಯ ಇಟ್ಟಿಗೆ ಗೋಪುರದ ಮೇಲೆ ಗಾರೆಯ ಶಿಲ್ಪಗಳು ಸಾವಿರ ವರ್ಷ ದಾಟಿಯೂ ಉಳಿದಿವೆ. ಬಸ್ಸುಗಳು ಕಡಿಮೆ, ಹಿಂದಿರುಗುವ ಬಸ್ಸಿನ ಹೊತ್ತನ್ನು ಚಾಮರಾಜನಗರದ ನಿಲ್ದಾಣದಲ್ಲೇ ಕೇಳಿಕೊಂಡು, ಬುತ್ತಿ ಕಟ್ಟಿಕೊಂಡು ಹೊರಡುವುದು ಒಳ್ಳೆಯದು.