ಹಳದಿ ದೀಪಕ್ಕೆ ಸ್ಟಿಕರ್

ನಮ್ಮ ಭಟ್ಕಳ, ಹೊನ್ನಾವರ, ಕುಮಟೆಯ ಬೈಕ್ ಸವಾರರ ಮೇಲೆ ನನ್ನದೊಂದು ತಕರಾರಿದೆ. 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು. ದುಡ್ಡು ಕೊಟ್ಟೇ ಕೊಂಡೆವು. ಕೊಂಡದ್ದೇನು ಎಂದು ಮಾತ್ರ ಯಾರೂ ಕೇಳಲಿಲ್ಲ.

ಮೊದಲು ನನ್ನದೇ ದಡ್ಡತನ ಹೇಳಿಬಿಡುತ್ತೇನೆ. ಒಂದು ಮಳೆಗಾಲದ ಸಂಜೆ ಶರಾವತಿ ಸೇತುವೆ ದಾಟಿ ಕಾಸರಕೋಡಿನ ಕಡೆ ಬರುತ್ತಿದ್ದೆ. ಮುಂದೆ ಹೋದ ಮೀನಿನ ಲಾರಿಯ ನೀರು ಸುರಿದು ಹೆದ್ದಾರಿ ಲೋಳೆಲೋಳೆಯಾಗಿತ್ತು. ದನವೊಂದು ಅಡ್ಡ ಬಂತು. ಬ್ರೇಕ್ ಹಿಡಿದರೆ ಲಿವರ್ ಬೆರಳಡಿಯಲ್ಲಿ ಟಕಟಕನೆ ಒದೆಯಿತು. ಏನೋ ಮುರಿಯಿತೆಂದು ಬಿಟ್ಟೇಬಿಟ್ಟೆ. ದನವೇ ದೊಡ್ಡ ಮನಸ್ಸು ಮಾಡಿ ಸರಿದುಕೊಂಡಿತು. ಆ ಒದೆತವೇ ಎಬಿಎಸ್! ಚಕ್ರ ಕಚ್ಚಿಕೊಳ್ಳುವ ಹೊತ್ತಿಗೆ ಒತ್ತಡ ಸಡಿಲಿಸಿ ಮತ್ತೆ ಬಿಗಿಯುವುದು, ಸೆಕೆಂಡಿಗೆ ಹಲವು ಸಲ. ಹಿಡಿದವನು ಬಿಡಬಾರದು. ಮಾರಿದವರು ಇದನ್ನು ಹೇಳಲಿಲ್ಲ; ನಾನೂ ಪುಸ್ತಿಕೆ ಬಿಚ್ಚಿರಲಿಲ್ಲ.

ಸಿಟ್ಟು ಬಂದದ್ದು ಆಮೇಲೆ. ಎಬಿಎಸ್‌ನ ಹಳದಿ ದೀಪ ಆರದೇ ಉಳಿಯಿತೆಂದು ಗ್ಯಾರೇಜಿಗೆ ಒಯ್ದರೆ, "ಅದ್ರಿಂದ ಏನೂ ತೊಂದ್ರೆ ಇಲ್ಲ ಮಾಸ್ತರ್ರೇ, ಮೇಲೊಂದು ಸ್ಟಿಕರ್ ಹಚ್ಚಿ ಕೊಡ್ತೆ" ಎಂದರು. ಸ್ಟಿಕರ್ ಮುರ್ಡೇಶ್ವರನದು. ಕೀಲಿ ತಿರುಗಿಸಿದಾಗ ಹತ್ತಿ, ಗಾಡಿ ಸ್ವಲ್ಪ ಓಡಿದೊಡನೆ ಆರಬೇಕಾದ ದೀಪವದು. ಆರದಿದ್ದರೆ ಬ್ರೇಕ್ ಇದ್ದೀತು, ಎಬಿಎಸ್ ಇಲ್ಲ. ನನ್ನ ಗಾಡಿಯಲ್ಲಿ ಆಗಿದ್ದಿಷ್ಟೇ: ಚಕ್ರದ ತೂತುಬಳೆಗೂ ಸೆನ್ಸರಿಗೂ ನಡುವೆ ಕೆಮ್ಮಣ್ಣು ಮೆತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಸರಿಹೋಯಿತು.

ಬ್ರೇಕ್ ಆಯಿಲ್ ಮಾತು ಎತ್ತಿದರಂತೂ ಎಲ್ಲರಿಗೂ ನಗು. ನಮ್ಮ ಕರಾವಳಿಯ ಗಾಳಿಗೆ ಡಬ್ಬಿಯೊಳಗಿನ ಉಪ್ಪು ನೀರಾಗುತ್ತದೆ. ಈ ಆಯಿಲೂ ಹಾಗೇ ತೇವ ಹೀರುವ ಜಾತಿ. ತೇವ ಹೀರಿದ್ದು ದೇವಿಮನೆ ಘಾಟಿ ಇಳಿಯುವಾಗ ಕಾದು ಕುದಿದರೆ ಲಿವರ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಎಬಿಎಸ್‌ನ ಸಣ್ಣ ಕವಾಟಗಳಿಗೂ ತುಕ್ಕು. ಎರಡು ವರ್ಷಕ್ಕೊಮ್ಮೆ ಬದಲಿಸಿದರಾಯಿತು. ಖರ್ಚು ಎನ್ನುವವರು ಸೈಲೆನ್ಸರ್ ಬದಲಿಸಲು ಮಾತ್ರ ಸಾವಿರಗಟ್ಟಲೆ ಸುರಿಯುತ್ತಾರೆ.

ಇನ್ನೊಂದು ಪಂಗಡವಿದೆ: "ಎಬಿಎಸ್ ಇದೆ, ಹೆದ್ರಿಕೆ ಎಂತದು?" ಎನ್ನುವ ಹುಡುಗರು. ತಮ್ಮಾ, ಎಷ್ಟೋ ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಮೊದಲಿನಂತೆಯೇ ಜಾರುತ್ತದೆ. ಸಡಿಲ ಜಲ್ಲಿಯ ಮೇಲೆ ನಿಲ್ಲಲು ಇನ್ನಷ್ಟು ದೂರವೇ ಬೇಕಾದೀತು. ತಿರುವಿನಲ್ಲಿ ವಾಲಿದ ಗಾಡಿಯನ್ನು ಅದು ಎತ್ತಿ ಹಿಡಿಯುವುದಿಲ್ಲ. ಸವೆದ ಟಯರಿಗೆ ಹಿಡಿತ ತಂದುಕೊಡುವುದೂ ಇಲ್ಲ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟು. ಈ ಲೆಕ್ಕವನ್ನು ಶಾಲೆಯಲ್ಲಿ ನಾನೇ ಕಲಿಸಿದ್ದೆ, ನೀವು ಹಿಂದಿನ ಬೆಂಚಿನಲ್ಲಿದ್ದಿರಿ.